ನೆಲದ ಟಿಕೀಟಿನವರ ಲೀಲಾವತಿ

2023ರ ಡಿಸೆಂಬರ್ 8ರಂದು ನಟಿ ಲೀಲಾವತಿ ನೆಲಮಂಗಲದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ 85 ವರ್ಷ. ಮಾರನೆಯ ದಿನ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕೆ ಒಯ್ಯುವ ಮೊದಲು ಅವರ ದೇಹವನ್ನು ನೆಲಮಂಗಲದ ಅಂಬೇಡ್ಕರ್ ಮೈದಾನದಲ್ಲಿ ಇಟ್ಟಿದ್ದರು. ಆಮೇಲೆ ಸೋಲದೇವನಹಳ್ಳಿಯ ಅವರದೇ ತೋಟದಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಲಾಯಿತು.

ಚಿತ್ರನಟಿಯೊಬ್ಬಳ ಕತೆ ನಮ್ಮಂಥ ಪತ್ರಿಕೆಗೆ ಯಾಕೆ ಅಂತ ಗೆಳೆಯರು ಕೇಳಬಹುದು. ಕೇಳಲಿ. ರಾಜರ ಚರಿತ್ರೆಯನ್ನೇ ದೇಶದ ಚರಿತ್ರೆ ಅಂತ ಓದಿಸಿದ ಹಾಗೆಯೇ, ನಾಯಕನಟರ ಚರಿತ್ರೆಯನ್ನೇ ಕನ್ನಡ ಸಿನಿಮಾದ ಚರಿತ್ರೆ ಅಂತ ನಮಗೆ ಓದಿಸಿದ್ದಾರೆ. ದುಡಿದ ಹೆಣ್ಣುಗಳ ಲೆಕ್ಕ ಇಟ್ಟವರು ಕಡಿಮೆ.

ಲೀಲಾವತಿ ಹುಟ್ಟಿದ್ದು 1937ರಲ್ಲಿ, ಬೆಳ್ತಂಗಡಿಯಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲದಂತಾಯಿತು. ಹೊಟ್ಟೆಪಾಡು ಅವರನ್ನು ಮೈಸೂರು ಸೀಮೆಗೆ ತಂದಿತು. 'ನಾಗಕನ್ನಿಕೆ'ಯಂಥ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ, ಮಹಾಲಿಂಗ ಭಾಗವತರ ನಾಟಕ ಕಂಪನಿಯಲ್ಲಿ ರಂಗದ ದುಡಿಮೆ. ನಾಟಕದ ಹೆಣ್ಣು ಅಂದರೆ ಮನೆ ಬಾಡಿಗೆಗೆ ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ರಾತ್ರಿ ಚಪ್ಪಾಳೆ ತಟ್ಟಿದ ಮರ್ಯಾದಸ್ಥರೇ ಬೆಳಿಗ್ಗೆ ಮುಖ ತಿರುಗಿಸುತ್ತಿದ್ದರು.

1958ರ 'ಮಾಂಗಲ್ಯ ಯೋಗ'ದಲ್ಲಿ ನಾಯಕಿಯಾದರು. 1960ರಲ್ಲಿ 'ರಾಣಿ ಹೊನ್ನಮ್ಮ', 'ರಣಧೀರ ಕಂಠೀರವ' ಬಂದವು. ಆಗ ಕನ್ನಡ ಚಿತ್ರಗಳ ಹೆಚ್ಚಿನ ಕೆಲಸ ನಡೆಯುತ್ತಿದ್ದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಕಲಾವಿದರ ಸಂಸಾರವೂ ಅಲ್ಲೇ. ಅಲ್ಲಿ ತಯಾರಾದ ಚಿತ್ರಗಳು ಡಬ್ಬಿಗಳಲ್ಲಿ ಕೂತು ಬಂದು ನಮ್ಮ ಕಡೆಯ ಜಾತ್ರೆಯ ಬಯಲುಗಳ ಟೆಂಟುಗಳಲ್ಲಿ ಓಡುತ್ತಿದ್ದವು. ಕುರ್ಚಿಯವರು ಹಿಂದೆ, ಬೆಂಚಿನವರು ನಡುವೆ, ಮುಂದುಗಡೆ ಮರಳಿನ ಮೇಲೆ ನೆಲದ ಟಿಕೀಟಿನವರು. ಕೂಲಿಯಿಂದ ಬಂದು, ಮುದ್ದೆ ಉಂಡು, ಮಗು ಸೊಂಟಕ್ಕೆ ಹಾಕಿಕೊಂಡು ಬಂದ ಹೆಂಗಸರು ಅಲ್ಲಿ ಕೂತು ಲೀಲಾವತಿ ಅತ್ತಾಗ ತಾವೂ ಅತ್ತರು. ಅದು ಬರೀ ಪರದೆಯ ಅಳುವಲ್ಲ. ಹಗಲೆಲ್ಲ ಅಳೋದಕ್ಕೂ ಪುರಸೊತ್ತಿಲ್ಲದವರ ಅಳು.

ಆದರೆ ಉದ್ಯಮ ಈ ಹೆಣ್ಣನ್ನು ಹೇಗೆ ಬಳಸಿತು ನೋಡಿ. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ಗೆಜ್ಜೆ ಪೂಜೆ' ಬಂತು. ಎಂ.ಕೆ. ಇಂದಿರಾ ಅವರ ಕಾದಂಬರಿ. ಅದರಲ್ಲಿ ಕಲ್ಪನಾ ಮಗಳು, ಲೀಲಾವತಿ ತಾಯಿ. ಇಬ್ಬರ ನಡುವೆ ಇದ್ದ ಅಂತರ ಆರು ವರ್ಷ! ಮೂವತ್ತು ದಾಟುತ್ತಲೇ ನಾಯಕಿ ತಾಯಿಯಾದಳು, ಆಮೇಲೆ ಅತ್ತೆಯಾದಳು, ಅಜ್ಜಿಯಾದಳು. ಅವರ ಜೊತೆ ನಾಯಕರಾಗಿದ್ದ, ಅವರಿಗಿಂತ ಎಂಟು ವರ್ಷ ದೊಡ್ಡವರಾದ ರಾಜಕುಮಾರ್ 2000ದ 'ಶಬ್ದವೇಧಿ'ಯಲ್ಲೂ ನಾಯಕರೇ. ಇದು ಒಬ್ಬ ನಟರ ಮೇಲಿನ ದೂರಲ್ಲ. ಗಂಡಿಗೆ ವಯಸ್ಸಾಗುವುದಿಲ್ಲ, ಹೆಣ್ಣಿಗೆ ಮಾತ್ರ ಆಗುತ್ತದೆ ಎನ್ನುವ ವ್ಯವಸ್ಥೆಯ ಲೆಕ್ಕ ಇದು.

ಆ ಪಾತ್ರದಲ್ಲೂ ಲೀಲಾವತಿ ಗೆದ್ದರು, ರಾಜ್ಯ ಪ್ರಶಸ್ತಿ ಬಂತು. ತಾನು ಸಿಕ್ಕಿಬಿದ್ದ ಬಾಳು ಮಗಳಿಗೆ ಬೇಡ ಎಂದು ಒದ್ದಾಡುವ ತಾಯಿ ಆಕೆ. ಮಧ್ಯಮ ವರ್ಗ ಆ ಚಿತ್ರ ನೋಡಿ ಮರುಗಿತು. ಮರುಗಿ ಮನೆಗೆ ಹೋಯಿತು. ಆದರೆ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಲ್ಲಿ ಬಹುಪಾಲು ನಮ್ಮ ಕೇರಿಗಳವರು. ಅವರ ಮುಖ ಪರದೆಯ ಮೇಲೆ ಬರಲಿಲ್ಲ. ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಕಣ್ಣೀರಿಗೂ ಕಾನೂನಿಗೂ ನಡುವೆ 13 ವರ್ಷ.

600ಕ್ಕೂ ಹೆಚ್ಚು ಚಿತ್ರ, ಅದರಲ್ಲಿ 400ರಷ್ಟು ಕನ್ನಡದವು ಅನ್ನುತ್ತಾರೆ. 1999ರ ಸಾಲಿನ ರಾಜಕುಮಾರ್ ಪ್ರಶಸ್ತಿ, 2008ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್. ಇಷ್ಟು ದುಡಿದರೂ ಆಕೆಯ ಖಾಸಗಿ ಬದುಕನ್ನು ಕೆದಕುವುದೇ ಹಲವರಿಗೆ ಕಸುಬಾಯಿತು. ಗಂಡಸನ್ನು ಯಾರೂ ಕೇಳದ ಪ್ರಶ್ನೆಗಳನ್ನು ಆಕೆಗೆ ಸಾಯುವವರೆಗೂ ಕೇಳಿದರು. ನಮಗೆ ಅದು ಬೇಡ. ನಮಗೆ ಬೇಕಾದ್ದು ಆಕೆ ಕೊನೆಗೆ ಎಲ್ಲಿಗೆ ಬಂದು ನಿಂತರು ಎಂಬುದು.

ಬಂದು ನಿಂತದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಗೆ. ಮಗ ವಿನೋದ್ ರಾಜ್ ಜೊತೆ ತೋಟ ಮಾಡಿದರು, ಗಿಡ ಬೆಳೆಸಿದರು. ಈ ಕಡೆ ಹೆದ್ದಾರಿ ಅಗಲವಾಗಿ ಭೂಮಿಗೆ ರೇಟು ಬಂದು, ರೈತರು ಎಕರೆ ಎಕರೆ ಮಾರಿಕೊಂಡ ಕಾಲ. ಲೀಲಾವತಿ ಮಾತ್ರ ಚೆನ್ನೈನ ಆಸ್ತಿ ಮಾರಿ, ಆ ದುಡ್ಡನ್ನು ಹಳ್ಳಿಗೆ ಹಾಕಿ ಆಸ್ಪತ್ರೆ ಕಟ್ಟಿಸಿದರು. 2022ರಲ್ಲಿ ಅದು ಪ್ರಾಥಮಿಕ ಆರೋಗ್ಯ ಕೇಂದ್ರವಾಗಿ ಉದ್ಘಾಟನೆಯಾಯಿತು. ದನಕುರಿಗಳಿಗೆಂದು ಕಟ್ಟಿಸಿದ ಪಶು ಆಸ್ಪತ್ರೆ ಉದ್ಘಾಟನೆಯಾದದ್ದು 2023ರ ನವೆಂಬರಿನಲ್ಲಿ, ಸಾವಿಗೆ ಕೆಲವೇ ದಿನ ಮುಂಚೆ.

ಹಸು ಸತ್ತರೆ ಸಂಸಾರವೇ ಬಿದ್ದುಹೋಗುವ ಮನೆ ಎಷ್ಟಿವೆ ಅಂತ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರನ್ನು ಕೇಳಿ. ರಾತ್ರಿ ಹೆರಿಗೆ ನೋವು ಬಂದರೆ ಗಾಡಿ ಹುಡುಕುತ್ತ ಓಡಿದವರನ್ನು ಕೇಳಿ. ಆ ಆಸ್ಪತ್ರೆಯ ಬೆಲೆ ಅವರಿಗೆ ಗೊತ್ತು.

ಆದರೆ ಹೊಗಳಿ ಸುಮ್ಮನಾದರೆ ನಾವೂ ತಪ್ಪಿತಸ್ಥರೇ. ತೆರಿಗೆ ಕಟ್ಟುವ ಹಳ್ಳಿಗೆ ವೈದ್ಯರು ಬೇಕಾದರೆ ಮುದುಕಿಯಾದ ನಟಿಯೊಬ್ಬಳು ಆಸ್ತಿ ಮಾರಬೇಕೇ? ಆರೋಗ್ಯ ಹಕ್ಕೋ, ಪುಣ್ಯಾತ್ಮರ ದಾನವೋ? ಬೆಳ್ಳಿಪರದೆ ಆಕೆಗೆ ಕೊಟ್ಟದ್ದು ತ್ಯಾಗಮಯಿ ತಾಯಿಯ ಪಾತ್ರ. ಸರ್ಕಾರಗಳು ಆ ಪಾತ್ರವನ್ನು ಊರಲ್ಲೂ ಆಕೆಯಿಂದಲೇ ಮಾಡಿಸಿದವು.

2024ರಲ್ಲಿ ಸಮಾಧಿಯ ಜಾಗದಲ್ಲಿ ಸ್ಮಾರಕ ಎದ್ದಿದೆ. ಅದನ್ನು ದೇಗುಲ ಎಂದು ಕರೆದಿದ್ದಾರೆ. ಮಗನ ಪ್ರೀತಿ ಅದು, ಗೌರವಿಸೋಣ. ಆದರೆ ಹೆಣ್ಣನ್ನು ದೇವಿ ಮಾಡಿ ಕೈಮುಗಿದು ಮರೆಯುವುದು ಈ ದೇಶದ ಹಳೆಯ ಚಾಳಿ. ನಾವು ಅವರನ್ನು ದುಡಿದ ಹೆಣ್ಣಾಗಿ ನೆನೆಯೋಣ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ನಿಮ್ಮ ಮಕ್ಕಳಿಗೆ ಒಂದು ಪಾಠ ಕೊಡಿ: ನಮ್ಮೂರಿಗೆ ಮೊದಲ ಡಾಕ್ಟರು ಯಾವಾಗ ಬಂದರು, ಯಾರು ಹೋರಾಡಿ ತಂದರು, ಅಜ್ಜಿಯರನ್ನು ಕೇಳಿ ಬರೆದು ತನ್ನಿ ಅಂತ. ಆ ನೋಟುಬುಕ್ಕುಗಳಲ್ಲಿ ಬರುವುದು ನಮ್ಮ ನಿಜವಾದ ಚರಿತ್ರೆ. ಸೋಲದೇವನಹಳ್ಳಿಯ ಮಕ್ಕಳು ಬರೆಯುವ ಪುಟದಲ್ಲಿ ಲೀಲಾವತಿಯ ಹೆಸರು ತಾನಾಗಿ ಬರುತ್ತದೆ.