ನೆಲದ ಕಾವನ್ನು ಕಟ್ಟಡಕ್ಕೆ ತಂದ ವಿದ್ಯೆ

ಪ್ಯಾರಿಸ್ಸಿನ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ, ಸುಮಾರು 28 ಮೀಟರ್ ಆಳದಲ್ಲಿ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ರಸಾಯನಶಾಸ್ತ್ರಜ್ಞ ಲವಾಸಿಯೇ ಇರಿಸಿದ ಉಷ್ಣಮಾಪಕವು, ಮೇಲೆ ಹಿಮ ಬೀಳಲಿ ಬಿಸಿಲು ಕಾಯಲಿ, ವರ್ಷವಿಡೀ ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿತು. ಅಷ್ಟು ಕಾವಿನಿಂದ ಕೊಠಡಿ ಬೆಚ್ಚಗಾಗದು. ಅದನ್ನು ಸೆಳೆದು ಮೇಲೇರಿಸುವ ಯಂತ್ರವೊಂದು ಬೇಕು. ಅಂತಹ ಯಂತ್ರವು ಸಾಧ್ಯವೆಂದು 1852ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ ಪ್ರತಿಪಾದಿಸಿದನು. ಆಸ್ಟ್ರಿಯದ ಪೀಟರ್ ರಿಟ್ಟಿಂಗರ್ ಆ ದಶಕದಲ್ಲಿಯೇ ಅದೇ ತತ್ತ್ವವನ್ನು ಉಪ್ಪಿನ ಕಾರ್ಖಾನೆಯಲ್ಲಿ ಪ್ರಯೋಗಿಸಿದನು. ನೆಲವನ್ನೇ ಶಾಖದ ಮೂಲವಾಗಿಸುವ ಕಲ್ಪನೆಗೆ 1912ರಲ್ಲಿ ಸ್ವಿಟ್ಜರ್ಲೆಂಡಿನ ಹೈನ್ರಿಖ್ ಝೊಯ್ಲಿ ಪೇಟೆಂಟ್ ಪಡೆದನು.

ಯಂತ್ರದ ಮರ್ಮವು ನಮ್ಮ ಮನೆಯ ಫ್ರಿಜ್ಜಿನದೇ. ನೆಲದಲ್ಲಿ ಹುದುಗಿದ ಕೊಳವೆಗಳಲ್ಲಿ ಹರಿಯುವ ದ್ರವವು ತಂದ ಶಾಖವನ್ನು ಶೀತಕವು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿಯೇರಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ನಾಲ್ಕು ಯೂನಿಟ್ಟುಗಳಷ್ಟು ಶಾಖ ಕಟ್ಟಡಕ್ಕೆ ದೊರೆಯುತ್ತದೆ. ಬೇಸಿಗೆಯಲ್ಲಿ ಇದೇ ಕ್ರಮವನ್ನು ವಿಪರ್ಯಯಗೊಳಿಸಿದರೆ ಕಟ್ಟಡದ ಶಾಖ ನೆಲಕ್ಕೆ ಇಳಿಯುತ್ತದೆ.

ವಾಣಿಜ್ಯ ಕಟ್ಟಡಗಳ ಇತಿಹಾಸದಲ್ಲಿ, 1948ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ತೆರೆದ ಈಕ್ವಿಟಬಲ್ ಕಟ್ಟಡಕ್ಕೆ ಅಗ್ರಸ್ಥಾನವುಂಟು: ಅದು ಬಾವಿಯ ನೀರಿನಿಂದ ಶಾಖ ಪಡೆಯುತ್ತಿತ್ತು. ಆದರೆ ಅಗ್ಗದ ತೈಲದ ಮುಂದೆ ಈ ವಿದ್ಯೆ ಹಿಂದುಳಿಯಿತು. 1973ರ ತೈಲ ಬಿಕ್ಕಟ್ಟು ಅದನ್ನು ಮರಳಿ ಮುನ್ನೆಲೆಗೆ ತಂದಿತು. ಸ್ವೀಡನ್ ಕೊಳವೆಗಳನ್ನು ಇಳಿಸಲು ಬಂಡೆಗಲ್ಲನ್ನು ಕೊರೆಯತೊಡಗಿತು. ಒಕ್ಲಹೋಮ ರಾಜ್ಯ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬೋಸ್ ಮತ್ತು ಆತನ ಸಹವರ್ತಿಗಳು ನೆಲದೊಳಗಿನ ಮುಚ್ಚಿದ ಕೊಳವೆಸುತ್ತಿಗೆ ಶಾಸ್ತ್ರೀಯ ರೂಪ ಕೊಟ್ಟರು. ತುಕ್ಕು ಹಿಡಿಯುವ ಲೋಹದ ಕೊಳವೆಯ ಬದಲು, ಕಾಯಿಸಿ ಬೆಸೆದರೆ ಒಂದೇ ತುಂಡಿನಂತಾಗುವ ಪಾಲಿಎಥಿಲೀನ್ ಕೊಳವೆ ಬಂದುದು, ನನ್ನ ಎಣಿಕೆಯಲ್ಲಿ, ಯಂತ್ರದ ಯಾವ ಸುಧಾರಣೆಗಿಂತಲೂ ದೊಡ್ಡ ಮುನ್ನಡೆ.

ಗ್ರಾಮಾಂತರದ ಅಂಗಡಿ, ಗೋದಾಮು, ಶಾಲೆಗಳಿಗೆ ಈ ಪದ್ಧತಿ ಸಹಜವಾಗಿ ಒಗ್ಗುವುದಕ್ಕೆ ಕಾರಣಗಳಿವೆ. ಅನಿಲದ ಕೊಳವೆಮಾರ್ಗ ತಲಪದ ಊರುಗಳಲ್ಲಿ ತೈಲವನ್ನೋ ಪ್ರೊಪೇನನ್ನೋ ಟ್ಯಾಂಕರಿನಲ್ಲಿ ತರಿಸಬೇಕು. ನಗರದಲ್ಲಿ ದುರ್ಲಭವಾದ ನೆಲವಂತೂ ಅಲ್ಲಿ ಧಾರಾಳವಾಗಿರುತ್ತದೆ, ಆದುದರಿಂದ ದುಬಾರಿಯಾದ ಆಳದ ಕೊರೆತವನ್ನು ಬಿಟ್ಟು, ಆಳೆತ್ತರದ ಕಾಲುವೆಗಳನ್ನು ತೋಡಿ ಕೊಳವೆ ಹಾಸಬಹುದು. ಪ್ರತಿಯಾಗಿ, ಹಳ್ಳಿಯ ತಂತಿಯಲ್ಲಿ ಥ್ರೀ ಫೇಸ್ ವಿದ್ಯುತ್ ಇಲ್ಲದಿದ್ದರೆ ದೊಡ್ಡ ಕಂಪ್ರೆಸರನ್ನು ನಡೆಸುವುದು ಕಷ್ಟ. ಇದನ್ನು ಮೊದಲೇ ವಿಚಾರಿಸದೆ ಕಾಲುವೆ ತೋಡುವುದು ಅವಿವೇಕ.

ಆದರೆ ಎಲ್ಲಕ್ಕಿಂತ ಗಹನವಾದುದು ನೆಲದ ಲೆಕ್ಕ. ನ್ಯೂ ಜೆರ್ಸಿಯ ಸ್ಟಾಕ್ಟನ್ ಕಾಲೇಜು 1990ರ ದಶಕದಲ್ಲಿ 425 ಅಡಿ ಆಳದ 400 ರಂಧ್ರಗಳನ್ನು ಕೊರೆಯಿಸಿತು. ಬೇಸಿಗೆಯಲ್ಲಿ ನೆಲಕ್ಕೆ ಸುರಿದ ಶಾಖವು ಚಳಿಗಾಲದಲ್ಲಿ ಹಿಂಪಡೆದುದಕ್ಕಿಂತ ಅಧಿಕವಾದುದರಿಂದ, ವರ್ಷಗಳು ಕಳೆದಂತೆ ಆ ನೆಲವೇ ಬೆಚ್ಚಗಾಯಿತು. ಭೂಮಿಯು ಬತ್ತದ ನಿಧಿಯಲ್ಲ, ಕೊಟ್ಟುದನ್ನು ಕಾಪಿಟ್ಟು ಮರಳಿಸುವ ಉಗ್ರಾಣ ಎಂಬ ಅರಿವು ಹೀಗೆ ಅನುಭವದಿಂದಲೇ ದೃಢಪಟ್ಟಿತು. ಅದೇ ದಶಕದಲ್ಲಿ ಸ್ವೀಡನ್ನಿನಲ್ಲಿಯೂ ಒಕ್ಲಹೋಮದಲ್ಲಿಯೂ ರೂಪುಗೊಂಡ ಸಂಚಾರಿ ಪರೀಕ್ಷಾಯಂತ್ರದಿಂದ, ಒಂದು ರಂಧ್ರಕ್ಕೆ ಎರಡು ಮೂರು ದಿನ ಬಿಸಿನೀರು ಹರಿಸಿ, ಆ ಸ್ಥಳದ ಮಣ್ಣುಕಲ್ಲುಗಳ ಉಷ್ಣವಾಹಕತೆಯನ್ನು ಅಳೆಯುವುದು ಸಾಧ್ಯವಾಯಿತು. ದೊಡ್ಡ ಕಟ್ಟಡಕ್ಕೆ ಈ ಪರೀಕ್ಷೆಯ ವೆಚ್ಚವನ್ನು ಉಳಿಸಹೊರಡುವ ಮಾಲೀಕನು, ಅಗತ್ಯಕ್ಕೆ ಮೀರಿ ಕೊರೆಯಿಸಿ ಹಣ ಕಳೆದುಕೊಳ್ಳುವನು, ಇಲ್ಲವೆ ಕಡಮೆ ಕೊರೆಯಿಸಿ, ಕೆಲವು ಚಳಿಗಾಲಗಳಾದ ಮೇಲೆ, ತಣಿದ ನೆಲದಿಂದ ಶಾಖವನ್ನು ಎಳೆಯಲು ಹೆಣಗುವ ಕಂಪ್ರೆಸರಿನ ವಿದ್ಯುತ್ ಬಿಲ್ಲನ್ನು ತೆರುವನು.