ಹಾಲು ತೋರಿಸಿದ ಉಪ್ಪುನೀರಿನ ದಾರಿ

ಕಡಲತೀರದ ಬಾವಿಗಳ ನೀರು ಕೆಲವೆಡೆ ಬೇಸಿಗೆಯಲ್ಲಿ ಉಪ್ಪಾಗುತ್ತದೆ. ದಡಕ್ಕೆ ಬಡಿಯುವ ಅಲೆ ಎಲ್ಲರಿಗೂ ಕಾಣುತ್ತದೆ. ಆದರೆ ನೆಲದಡಿಯಲ್ಲಿ ಮರಳಿನ ಕಣಗಳ ನಡುವೆ ನುಸುಳಿ ಬರುವ ಸಮುದ್ರದ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕಾಣದ ಚಲನೆಯನ್ನು ಪ್ರಯೋಗಾಲಯದಲ್ಲಿ ಕಣ್ಣಿಗೆ ಕಾಣುವಂತೆ ಮಾಡುವ ಪ್ರಯತ್ನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಸೇರಿದ್ದು.

ಕಾಲುವೆಗಳ ನಗರವೆಂದು ಹೆಸರಾದರೂ ಅಲ್ಲಿ ಕುಡಿಯಲು ಯೋಗ್ಯವಾದ ನೀರಿಗೆ ಬರವಿತ್ತು. ಜನ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದರು. ದೋಣಿಗಳಲ್ಲಿ ನದಿಯ ನೀರು ತರಿಸುತ್ತಿದ್ದರು. 1853ರಲ್ಲಿ ಹಾರ್ಲೆಮ್ ಸಮೀಪದ ಕಡಲಂಚಿನ ಮರಳು ದಿಬ್ಬಗಳಿಂದ ಕೊಳವೆಯ ಮೂಲಕ ನೀರು ನಗರ ತಲುಪಿತು. ಆಗ ಒಂದು ಬಕೆಟ್ ನೀರಿಗೆ ಒಂದು ಸೆಂಟ್ ಬೆಲೆ. ನಗರ ಬೆಳೆದಂತೆ ಬೇಡಿಕೆಯೂ ಬೆಳೆಯಿತು. 1903ರ ಹೊತ್ತಿಗೆ ದಿಬ್ಬಗಳ ಆಳದಿಂದಲೂ ನೀರೆತ್ತುವ ಕೆಲಸ ಆರಂಭವಾಯಿತು. ಹೀಗೆ ಎಷ್ಟು ನೀರೆತ್ತಬಹುದು ಎಂಬುದೇ ಪ್ರಶ್ನೆಯಾಯಿತು.

ತೇಲುವ ಸಿಹಿನೀರು

ದಿಬ್ಬದಡಿಯ ಸಿಹಿನೀರು ಮಳೆಯಿಂದ ಬಂದದ್ದು. ಸಮುದ್ರದ ನೀರಿಗಿಂತ ಅದು ಹಗುರ. ಆದ್ದರಿಂದ ಆಳದಲ್ಲಿರುವ ಉಪ್ಪುನೀರಿನ ಮೇಲೆ ಅದು ತೇಲುತ್ತದೆ. ಡಚ್ ಸೇನೆಯ ಎಂಜಿನಿಯರ್ ಬಾಡೋನ್ ಗೈಬೆನ್ 19ನೇ ಶತಮಾನದ ಕೊನೆಯಲ್ಲೂ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲೂ ಇದರ ಲೆಕ್ಕ ಹಾಕಿದರು. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಆಳದವರೆಗೆ ಸಿಹಿನೀರು ಇರುತ್ತದೆ. ಇದರ ಇನ್ನೊಂದು ಮುಖ ಭಯ ಹುಟ್ಟಿಸುವಂಥದು. ಮೇಲೆ ಒಂದು ಅಡಿ ಕಳೆದುಕೊಂಡರೆ, ಕಾಲಕ್ರಮದಲ್ಲಿ ಕೆಳಗಿನಿಂದ ಉಪ್ಪುನೀರು 40 ಅಡಿಯಷ್ಟು ಮೇಲೇರಬಹುದು.

ಲೆಕ್ಕವೇನೋ ಸರಿ, ಆದರೆ ಅದು ನಿಂತ ನೀರಿನ ಲೆಕ್ಕ. ನೀರೆತ್ತುವಾಗ ನೆಲದಡಿ ನಡೆಯುವುದೇನು? ಆಮ್‌ಸ್ಟರ್‌ಡ್ಯಾಮ್ ಜಲಮಂಡಳಿಯ ನಿರ್ದೇಶಕ ಪೆನ್ನಿಂಕ್ 1904-05ರಲ್ಲಿ ಇದಕ್ಕೆ ಸರಳ ಉಪಾಯ ಹುಡುಕಿದರು. ಗಾಜಿನ ತೆಳು ಪೆಟ್ಟಿಗೆಗೆ ಮರಳು ತುಂಬಿ, ನೀರು ಹರಿಸಿ, ಅದರ ದಾರಿ ತಿಳಿಯಲು ಶಾಯಿ ಬಿಟ್ಟರು. ಉಪ್ಪುನೀರಿನ ಬದಲಿಗೆ ಅವರು ಆರಿಸಿಕೊಂಡದ್ದು ಹಾಲನ್ನು! ಹಾಲಿನ ತೂಕ ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ. ಮೇಲಾಗಿ ಬಿಳಿಯ ಬಣ್ಣ ಮರಳಿನ ನಡುವೆ ಎದ್ದು ಕಾಣುತ್ತದೆ. ಮೇಲಿನಿಂದ ನೀರೆತ್ತಿದಂತೆ ಕೆಳಗಿನ ಹಾಲು ಗೋಪುರದಂತೆ ಮೇಲೇರಿತು. ಕ್ಯಾಮೆರಾ ಇದನ್ನು ಹಂತಹಂತವಾಗಿ ಸೆರೆಹಿಡಿಯಿತು. ಈ ಛಾಯಾಚಿತ್ರಗಳು 1915ರಲ್ಲಿ ಪುಸ್ತಕವಾಗಿ ಹೊರಬಂದವು.

ಕಣ್ಣಂದಾಜಿನಿಂದ ಅಳತೆಗೆ

ಆದರೂ ಹಾಲಿನ ಅಂಚು ಎಲ್ಲಿದೆ ಎಂಬುದನ್ನು ಕಣ್ಣಂದಾಜಿನಿಂದಲೇ ಗುರುತಿಸಬೇಕಿತ್ತು. ನಿಜವಾದ ನೆಲದಲ್ಲಿ ಸಿಹಿ ಮತ್ತು ಉಪ್ಪಿನ ನಡುವೆ ಕತ್ತರಿಸಿದಂಥ ಗೆರೆಯಿಲ್ಲ. ಎರಡೂ ಬೆರೆಯುವ ಪಟ್ಟಿಯೊಂದಿದೆ. ಅಮೆರಿಕದ ಮಯಾಮಿ ತೀರದ ಅಧ್ಯಯನಗಳು 1960ರ ಸುಮಾರಿಗೆ ಇದನ್ನು ಸ್ಪಷ್ಟಪಡಿಸಿದವು. ಅಷ್ಟೇ ಅಲ್ಲ, ಒಳನುಗ್ಗಿದ ಸಮುದ್ರದ ನೀರಿನ ಒಂದು ಭಾಗ ಸಿಹಿನೀರಿನೊಡನೆ ಬೆರೆತು ಮರಳಿ ಕಡಲಿಗೆ ಹರಿಯುತ್ತದೆ ಎಂಬುದೂ ತಿಳಿಯಿತು.

ಈ ಬೆರಕೆಯ ಪಟ್ಟಿಯನ್ನು ಅಳೆಯಲು ಡಿಜಿಟಲ್ ಚಿತ್ರ ನೆರವಿಗೆ ಬಂತು. ಗಾಜಿನ ಮಣಿ ತುಂಬಿದ ತೊಟ್ಟಿಗೆ ಬಣ್ಣ ಬೆರೆಸಿದ ಉಪ್ಪುನೀರು ಬಿಡುತ್ತಾರೆ. ಹಿಂದಿನಿಂದ ಬೆಳಕು ಹಾಯಿಸುತ್ತಾರೆ. ಉಪ್ಪು ಹೆಚ್ಚಿದಷ್ಟೂ ಬಣ್ಣ ಗಾಢ, ದಾಟಿಬರುವ ಬೆಳಕು ಮಂದ. ಮೊದಲೇ ಗೊತ್ತಿರುವ ಉಪ್ಪಿನಂಶದ ದ್ರಾವಣಗಳ ಚಿತ್ರ ತೆಗೆದಿಟ್ಟುಕೊಂಡು, ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕನ್ನೂ ಉಪ್ಪಿನ ಪ್ರಮಾಣಕ್ಕೆ ತಿರುಗಿಸುತ್ತಾರೆ. ಬೆಲ್‌ಫಾಸ್ಟ್‌ನ ಸಂಶೋಧಕರು 2015ರಲ್ಲಿ ಈ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸುವ ವಿಧಾನವನ್ನು ಪ್ರಕಟಿಸಿದರು.

ಪೆಟ್ಟಿಗೆಯ ಮರಳು ಒಂದೇ ಸಮನಾದದ್ದು. ನೆಲದಡಿಯಲ್ಲಿ ಜೇಡಿಯೂ ಉಂಟು, ಬಿರುಕೂ ಉಂಟು. ಹಾಗಾಗಿ ತೊಟ್ಟಿಯ ಚಿತ್ರವೇ ಕಡಲತೀರದ ನಕಾಶೆಯಾಗದು. ಆದರೆ ನೀರಿನ ಸ್ವಭಾವವನ್ನು ಅದು ಮರೆಮಾಚದೆ ತೋರಿಸುತ್ತದೆ.

ಆಮ್‌ಸ್ಟರ್‌ಡ್ಯಾಮ್ ಕೊನೆಗೂ ಆ ಸ್ವಭಾವಕ್ಕೆ ತಲೆಬಾಗಿತು. ದಿಬ್ಬಗಳು ಮಳೆಯಿಂದ ಪಡೆದದ್ದಕ್ಕಿಂತ ಹೆಚ್ಚು ನೀರನ್ನು ನಗರ ಎತ್ತುತ್ತಿತ್ತು. 1957ರಿಂದ ರೈನ್ ನದಿಯ ನೀರನ್ನು ಕೊಳವೆಯಲ್ಲಿ ತಂದು ಆ ಮರಳಿಗೆ ಇಂಗಿಸತೊಡಗಿದರು. ಉಪ್ಪುನೀರನ್ನು ಕೆಳಗೇ ತಡೆದಿಡಬೇಕಾದರೆ ಮೇಲೆ ಸಿಹಿನೀರಿನ ಭಾರ ಇರಲೇಬೇಕು. ಎತ್ತಿದ್ದನ್ನು ನೆಲಕ್ಕೆ ಹಿಂದಿರುಗಿಸದೆ ಬೇರೆ ದಾರಿಯಿರಲಿಲ್ಲ.