ಐಮೌತ್‌ಗೆ ಒಂದು ದಿನ: ಕಾಯೋದಕ್ಕೂ ಕಾಸು ಬೇಕು

(ಭಾಗ 1/6)
ಅವೆಂಜರ್ಸ್ ಎಂಡ್‌ಗೇಮ್‌ನಲ್ಲಿ ಥಾರ್ ಹೊಟ್ಟೆ ಬಿಟ್ಕೊಂಡು ಕೂತಿದ್ದ ಕಡಲೂರು ನೆನಪಿದೆಯಾ? ನ್ಯೂ ಆಸ್ಗಾರ್ಡ್! ಅದನ್ನ ಶೂಟ್ ಮಾಡಿದ್ದು ಸ್ಕಾಟ್ಲೆಂಡಿನ ಸೇಂಟ್ ಆಬ್ಸ್ ಅನ್ನೋ ಪುಟ್ಟ ಹಳ್ಳಿಯಲ್ಲಿ. ಎಡಿನ್‌ಬರೋದಲ್ಲಿ ಓದ್ತಿರೋ ನಮ್ಮ ಸೀನಿಯರ್ ಅಕ್ಕ ಒಬ್ಬರು "ಅಲ್ಲಿಗೆ ಒಂದು ದಿನ ಹೋಗಿಬರ್ತೀನಿ, ಒಂದು ಪ್ಲಾನ್ ಹಾಕಿಕೊಡು" ಅಂದ್ರು. ಮ್ಯಾಪ್ ನೋಡ್ತಾ ಇದ್ದಾಗ ಪಕ್ಕದ ಊರು ಐಮೌತ್ ಕಣ್ಣಿಗೆ ಬಿತ್ತು. ಅದರ ಇತಿಹಾಸ ಓದ್ತಾ ಹೋದಂತೆ ಪ್ಲಾನೇ ಬದಲಾಯ್ತು. ಸೇಂಟ್ ಆಬ್ಸ್ ಸಂಜೆಗೆ, ಐಮೌತ್ ಇಡೀ ದಿನಕ್ಕೆ.

ಯಾಕಂದ್ರೆ ಈ ಊರಿನ ಕತೆ ನಮ್ಮ ಬಿಕಾಂ ಸಿಲಬಸ್ ಇದ್ದಹಾಗಿದೆ. ತೆರಿಗೆ, ಸಾಲ, ಬಂಡವಾಳ, ರಿಸ್ಕ್ ಎಲ್ಲಾ ಇದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಲೆಕ್ಕ ತಪ್ಪಿದಾಗ ಹೋಗಿದ್ದು ಮಾರ್ಕ್ಸ್ ಅಲ್ಲ, ಜೀವ. ಮ್ಯಾಪ್‌ಗೆ ಸ್ವೈಪ್ ಮಾಡಿ 👉

(ಭಾಗ 2/6) ಬೆಳಿಗ್ಗೆ: ಕೋಟೆ
ಎಡಿನ್‌ಬರೋದಿಂದ ರೈಲಿನಲ್ಲಿ ರೆಸ್ಟನ್‌ಗೆ ಬಂದು ಇಳಿಯಬೇಕು. ದಶಕಗಳ ಕಾಲ ಮುಚ್ಚಿದ್ದ ಈ ಸ್ಟೇಷನ್ 2022ರಲ್ಲಿ ಮತ್ತೆ ತೆರೀತು. ಎಲ್ಲಾ ರೈಲೂ ಇಲ್ಲಿ ನಿಲ್ಲಲ್ಲ, ಹಾಗಾಗಿ ವಾಪಸ್ ರೈಲಿನ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ. ಐಮೌತ್‌ಗೆ ಅಲ್ಲಿಂದ ಸ್ವಲ್ಪವೇ ದೂರ. ಇಂಗ್ಲೆಂಡ್ ಗಡಿ ಕೂಡ ಹತ್ತಿರದಲ್ಲೇ ಇದೆ.

ಮೊದಲು ಸಮುದ್ರಕ್ಕೆ ಚಾಚಿಕೊಂಡಿರೋ ಗುಡ್ಡ ಹತ್ತಿ. 1547ರಲ್ಲಿ ಇಂಗ್ಲಿಷರು ಇಲ್ಲಿ ಕೋಟೆ ಕಟ್ಟಿದ್ರು. ಫಿರಂಗಿ ಏಟು ತಡೆಯೋಕೆ ಅಂತ ಇಟಲಿ ಮಾದರಿಯಲ್ಲಿ ಮೂಲೆ ಚಾಚಿದ ಕೊತ್ತಲ ಇಟ್ಟು ಕಟ್ಟಿದ ಹೊಸ ಥರದ ಕೋಟೆ ಅದು. 1550ರ ಒಪ್ಪಂದದ ಪ್ರಕಾರ ಅದನ್ನ ಕೆಡವಬೇಕಾಯ್ತು. 1557ರಲ್ಲಿ ಫ್ರೆಂಚರು ಬಂದು ಮತ್ತೆ ಕಟ್ಟಿದ್ರು. 1559ರ ಒಪ್ಪಂದದ ನಂತರ ಅದೂ ಹೋಯ್ತು. ಈಗ ಉಳಿದಿರೋದು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು ಮಾತ್ರ. ಯಾರೋ ದೂರದಲ್ಲಿ ಕೂತು ಸಹಿ ಹಾಕ್ತಾರೆ, ಇಲ್ಲಿ ಗೋಡೆ ಬೀಳುತ್ತೆ. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತೆ.

(ಭಾಗ 3/6) ಬಂದರಿನ ಆಚೆ ದಡ: ಚಹಾ ಕಳ್ಳಸಾಗಣೆ
ಗುಡ್ಡ ಇಳಿದು ಬಂದರಿಗೆ ಬಂದ್ರೆ ಎದುರು ದಡದಲ್ಲಿ ಗತ್ತಿನಿಂದ ನಿಂತಿರೋ ಒಂದು ಬಂಗಲೆ ಕಾಣುತ್ತೆ. ಹೆಸರು ಗನ್ಸ್‌ಗ್ರೀನ್ ಹೌಸ್. 1753ರ ಸುಮಾರಿಗೆ ಜಾನ್ ನಿಸ್ಬೆಟ್ ಅನ್ನೋ ವ್ಯಾಪಾರಿ ಕಟ್ಟಿಸಿದ್ದು. ಹೊರಗೆ ವ್ಯಾಪಾರಿ, ಒಳಗೆ ಕಳ್ಳಸಾಗಣೆದಾರ! ಗೋಡೆಯೊಳಗೆ ಚಹಾ ಬಚ್ಚಿಡೋಕೆ ಗುಪ್ತ ಜಾಗವನ್ನೇ ಮಾಡಿಸಿದ್ದ.

ಚಿನ್ನ ಅಲ್ಲ, ಬರೀ ಚಹಾ. ಅದನ್ನ ಯಾಕೆ ಕದ್ದು ತರಬೇಕಿತ್ತು? 1784ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಚಹಾ ಮೇಲಿನ ತೆರಿಗೆ ಶೇ. 119ರವರೆಗೆ ಏರಿತ್ತು. ಅಂದ್ರೆ ನೂರು ರೂಪಾಯಿ ಮಾಲಿಗೆ 119 ರೂಪಾಯಿ ತೆರಿಗೆ. ಅಷ್ಟು ಲಾಭ ಕಣ್ಣೆದುರು ಇದ್ರೆ ಯಾರಾದ್ರೂ ಕೈ ಹಾಕೇ ಹಾಕ್ತಾರೆ. ಸ್ವೀಡನ್ ಕಡೆಯಿಂದೆಲ್ಲ ಕಳ್ಳ ಚಹಾ ಬರ್ತಿತ್ತು. 1784ರಲ್ಲಿ ಪ್ರಧಾನಿ ಪಿಟ್ ಅದನ್ನ ಒಂದೇ ಏಟಿಗೆ ಶೇ. 12.5ಕ್ಕೆ ಇಳಿಸಿದ. ಚಹಾದ ಕಳ್ಳದಂಧೆಯ ಬೆನ್ನು ಮುರೀತು. ಎಷ್ಟೋ ವರ್ಷ ಕಾವಲುಗಾರರಿಂದ ಆಗದ ಕೆಲಸವನ್ನ ಒಂದು ಕಾಯ್ದೆ ಮಾಡ್ತು.

(ಭಾಗ 4/6) ಮಾರ್ಕೆಟ್ ಚೌಕ: ಮೀನಿನ ಮೇಲಿನ ಪಾಲು
ಎಲ್ಲಾ ತೆರಿಗೆಯನ್ನೂ ಅಷ್ಟು ಸುಲಭವಾಗಿ ಇಳಿಸಲಿಲ್ಲ. ಐಮೌತ್‌ನ ಮೀನುಗಾರರು ಹಿಡಿದ ಮೀನಿನ ಮೇಲೆ ಚರ್ಚಿಗೆ ಪಾಲು ಕೊಡಬೇಕಿತ್ತು. ಇದಕ್ಕೆ ದಶಮಾಂಶ ಅಂತಾರೆ. ಬೇರೆ ಊರುಗಳಲ್ಲಿ ಈ ಪದ್ಧತಿ ಸವೆದು ಹೋಗ್ತಾ ಇದ್ರೂ ಇಲ್ಲಿ 19ನೇ ಶತಮಾನದ ಮಧ್ಯದವರೆಗೂ ವಸೂಲಿ ನಡೀತು. ಮೀನುಗಾರರು ತಿರುಗಿ ನಿಂತ್ರು. ಅವರ ಮುಂದಾಳು ವಿಲಿಯಂ ಸ್ಪಿಯರ್ಸ್. ಊರಲ್ಲಿ ಅವನ ಪ್ರತಿಮೆ ಇದೆ, ತಪ್ಪದೆ ನೋಡಿ.

ಕೊನೆಗೆ 1860ರ ದಶಕದಲ್ಲಿ ರಾಜಿ ಆಯ್ತು. ಒಂದು ದೊಡ್ಡ ಮೊತ್ತ ಕಟ್ಟಿ ಆ ಹಕ್ಕನ್ನೇ ಮೀನುಗಾರರು ಕೊಂಡುಕೊಂಡ್ರು. ತಮ್ಮ ಮೀನನ್ನ ತಾವೇ ದುಡ್ಡು ಕೊಟ್ಟು ಬಿಡಿಸಿಕೊಂಡ ಹಾಗೆ! ಗೆದ್ರು, ಆದ್ರೆ ಕೈ ಖಾಲಿ.

ಅದೇ ಹೊತ್ತಿಗೆ ಊರಿಗೆ ದುಡ್ಡು ಬೇಕಿದ್ದಿದ್ದು ಬಂದರಿಗೆ. ದೋಣಿಗಳು ದೊಡ್ಡದಾಗ್ತಾ ಇದ್ವು, ಬಂದರು ಹಳೇದೇ. ಆಳ ಕಮ್ಮಿ. ಇಳಿತದ ಹೊತ್ತಲ್ಲಿ ದೋಣಿ ಒಳಗೆ ಬರೋಕೇ ಆಗ್ತಿರಲಿಲ್ಲ. ಬಾಯಲ್ಲೇ ಹರ್ಕರ್ ಅನ್ನೋ ಬಂಡೆಗಳು ಬೇರೆ. ಆಳವಾದ ಬಂದರು ಬೇಕು ಅಂತ ವರ್ಷಗಟ್ಟಲೆ ಮಾತುಕತೆ ನಡೀತಾನೇ ಇತ್ತು.

(ಭಾಗ 5/6) 14 ಅಕ್ಟೋಬರ್ 1881, ಶುಕ್ರವಾರ
ಆ ವಾರವೆಲ್ಲ ಹವಾಮಾನ ಕೆಟ್ಟಿತ್ತು. ದೋಣಿಗಳು ದಡದಲ್ಲೇ ಇದ್ವು. ಮೀನಿಲ್ಲ ಅಂದ್ರೆ ಆದಾಯ ಇಲ್ಲ. ಮನೆ ಹೆಂಗಸರು ಕೂತು ಚಿಪ್ಪಿನಿಂದ ಮಾಂಸ ಬಿಡಿಸಿ ನೂರಾರು ಗಾಳಕ್ಕೆ ಒಂದೊಂದಾಗಿ ಸಿಕ್ಕಿಸಿದ್ದ ಎರೆ ಹಾಳಾಗಿಬಿಡುತ್ತೆ. ಶುಕ್ರವಾರ ಬೆಳಿಗ್ಗೆ ನೋಡಿದ್ರೆ ಬಿಸಿಲು, ಶಾಂತ ಸಮುದ್ರ. ಆದ್ರೆ ವಾಯುಭಾರ ಮಾಪಕ ತೀರಾ ಕೆಳಗಿಳಿದಿತ್ತು. ಅದು ಅಪಾಯದ ಸೂಚನೆ ಅಂತ ಅವರಿಗೂ ಗೊತ್ತಿತ್ತು. ಆದ್ರೂ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಯ್ತು, ಬಿರುಗಾಳಿ ಎದ್ದಿತು. ಎಷ್ಟೋ ದೋಣಿಗಳು ಮನೆ ಕಡೆ ತಿರುಗಿದ್ವು. ಕೆಲವು ಬಂದರಿನ ಬಾಯಿವರೆಗೂ ಬಂದು, ದಡದಲ್ಲಿ ನಿಂತಿದ್ದ ಹೆಂಡತಿ ಮಕ್ಕಳ ಕಣ್ಣೆದುರೇ ಬಂಡೆಗೆ ಬಡಿದು ಚೂರಾದ್ವು. ಆ ಕರಾವಳಿಯಲ್ಲಿ ಒಟ್ಟು 189 ಜನ ಸತ್ತರು. ಅದರಲ್ಲಿ 129 ಜನ ಐಮೌತ್‌ನವರು. ಒಂದೇ ಊರು, ಒಂದೇ ಮಧ್ಯಾಹ್ನ.

ಏರಿಯಲ್ ಗೆಜೆಲ್ ಅನ್ನೋ ದೋಣಿ ಮಾತ್ರ ದಡಕ್ಕೆ ಬರೋ ಆಸೆ ಬಿಟ್ಟು ಸಮುದ್ರದಲ್ಲೇ ಬಿರುಗಾಳಿ ಎದುರಿಸ್ತು. ಸತ್ತೇ ಹೋದ್ರು ಅಂದ್ಕೊಂಡಿದ್ದವರು ಸುಮಾರು ಎರಡು ದಿನದ ಮೇಲೆ ಜೀವಂತ ಬಂದ್ರು. ಅವರನ್ನ ಉಳಿಸಿದ್ದು ಸಮುದ್ರದಲ್ಲೇ ಕಾದಿದ್ದು.

ಕಾಯಬೇಕಿತ್ತು ಅಂತ ನಾವು ಇವತ್ತು ಸುಲಭವಾಗಿ ಹೇಳಬಹುದು. ಆದ್ರೆ ಕಾಯೋದಕ್ಕೂ ಕಾಸು ಬೇಕು. ಕೈಯಲ್ಲಿ ನಾಲ್ಕು ಕಾಸು ಉಳಿದಿದ್ದವನು ಇನ್ನೊಂದು ದಿನ ಮನೇಲಿರಬಹುದು. ಒಂದು ವಾರದ ಆದಾಯ ಕಳ್ಕೊಂಡವನಿಗೆ ಆ ಬೆಳಗಿನ ಬಿಸಿಲೇ ಸಾಕಾಯ್ತು. ಬಿರುಗಾಳಿಗೆ ದಶಮಾಂಶವಾಗಲಿ ಸಾಲವಾಗಲಿ ಕಾರಣ ಅಲ್ಲ, ನಿಜ. ಆದ್ರೆ ಆಳವಾದ ಬಂದರು ಇದ್ದಿದ್ರೆ ಬಾಗಿಲವರೆಗೂ ಬಂದವರಲ್ಲಿ ಕೆಲವರಾದ್ರೂ ಒಳಗೆ ಬರ್ತಿದ್ರೇನೋ. ಬ್ಯಾಲೆನ್ಸ್ ಶೀಟಿನಲ್ಲಿ "ಮುಂದೂಡಿದ ಖರ್ಚು" ಅಂತ ಬರೆದು ಮರೀತೀವಲ್ಲ, ಅದನ್ನೂ ಯಾರೋ ಒಬ್ಬರು ಒಂದು ದಿನ ಕಟ್ಟಲೇಬೇಕಾಗುತ್ತೆ.

(ಭಾಗ 6/6) ಮಧ್ಯಾಹ್ನ, ಸಂಜೆ
ಸುದ್ದಿ ಹಬ್ಬಿದ ಮೇಲೆ ದೇಶದ ಮೂಲೆಮೂಲೆಯಿಂದ ನೆರವು ಬಂತು. ಪರಿಹಾರ ನಿಧಿಗೆ 50 ಸಾವಿರ ಪೌಂಡ್‌ಗೂ ಹೆಚ್ಚು ಸೇರ್ತು. ವಿಧವೆಯರಿಗೆ, ಮಕ್ಕಳಿಗೆ ಅದರಿಂದ ಸಹಾಯ ಹೋಗ್ತಿತ್ತು. ಸಾವು ಆದ ಮೇಲೆ ಬಂದ ದುಡ್ಡು, ಸಾವು ಆಗೋಕೆ ಮುಂಚೆ ಬಂದರಿಗೆ ಯಾಕೆ ಬರಲಿಲ್ಲ ಅನ್ನೋ ಪ್ರಶ್ನೆ ಮಾತ್ರ ಉಳ್ಕೊಂಡ್ತು.

ಮಧ್ಯಾಹ್ನ ಊರಿನ ಮ್ಯೂಸಿಯಂಗೆ ಹೋಗಿ. ದುರಂತಕ್ಕೆ ನೂರು ವರ್ಷ ತುಂಬಿದ 1981ಕ್ಕೆ ಅಂತ ಸ್ಥಳೀಯ ಹೆಂಗಸರೇ ಕಸೂತಿ ಹಾಕಿದ ದೊಡ್ಡ ಪಟ ಇದೆ. ಚಳಿಗಾಲದಲ್ಲಿ ಹೋಗೋದಾದ್ರೆ ತೆರೆದಿರುತ್ತಾ ಅಂತ ವಿಚಾರಿಸಿಕೊಳ್ಳಿ. ಆಮೇಲೆ ಕಡಲ ದಂಡೆಯಲ್ಲಿ, ಶಿಲ್ಪಿ ಜಿಲ್ ವಾಟ್ಸನ್ 2016ರಲ್ಲಿ ಮಾಡಿದ ಕಂಚಿನ ಶಿಲ್ಪ ನೋಡಿ. ಪುಟ್ಟ ಪುಟ್ಟ ಹೆಂಗಸರು, ಮಕ್ಕಳು, ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದಾರೆ. ಸತ್ತವರ ಪ್ರತಿಮೆ ಅಲ್ಲ ಅದು, ಕಾದು ನಿಂತವರದ್ದು.

ಸಂಜೆ ಕರಾವಳಿಯ ಕಾಲುದಾರಿ ಹಿಡಿದು ಸೇಂಟ್ ಆಬ್ಸ್‌ಗೆ ನಡೀರಿ, ಸುಮಾರು ಎರಡು ಗಂಟೆ. ಥಾರ್ ಊರಿನ ಮುಂದೆ ಸೆಲ್ಫಿ ಖಂಡಿತ ತಗೊಳ್ಳಿ. ಆ ಹಳ್ಳಿಯ 3 ಜನರೂ ಅದೇ ಶುಕ್ರವಾರ ಹೋದವರು, ಅವರ ಮನೆಯವರ ಕಂಚಿನ ಶಿಲ್ಪವೂ ಅಲ್ಲಿದೆ.

ಒಂದೇ ಟಿಪ್: ಐಮೌತ್‌ನಲ್ಲಿ ಇಳಿತದ ಸಮಯ ನೋಡ್ಕೊಂಡು ಬಂದರಿನ ತುದಿಗೆ ಹೋಗಿ. ಆಗ ಹರ್ಕರ್ ಬಂಡೆಗಳು ಚೆನ್ನಾಗಿ ಕಾಣ್ತವೆ. ದಡಕ್ಕೆ ಎಷ್ಟು ಹತ್ತಿರ ಇವೆ ಅಂತ ನಿಮ್ಮ ಕಣ್ಣಾರೆ ನೋಡಿ.

ಸೇವ್ ಮಾಡ್ಕೊಳ್ಳಿ, ಕಾಸ್ಟಿಂಗ್ ಕ್ಲಾಸ್‌ನಲ್ಲಿ ನಿದ್ದೆ ಮಾಡೋ ಫ್ರೆಂಡ್‌ಗೆ ಕಳಿಸಿ.

#ಐಮೌತ್ #ಕಡಲೂರಿನಕತೆ #ಇತಿಹಾಸ #ಬಿಕಾಂಹುಡುಗರು